ಇಷ್ಟಪಟ್ಟು ಕಳಿಸಿದ ವಿಡಿಯೊ ಯಾರೂ ನೋಡುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ಕೆಲಸ ಮುಗಿಸಿ ಬಂದ ಮೇಲೆ ನನಗೆ ಯೂಟ್ಯೂಬೇ ಗತಿ. ವಿಜ್ಞಾನ, ಚಿತ್ರಕಲೆ, ಬೇರೆ ಬೇರೆ ದೇಶದ ಹಾಡು, ಕುಣಿತ, ಎಲ್ಲವನ್ನೂ ನೋಡುತ್ತೇನೆ. ಚೆನ್ನಾಗಿದೆ ಅನ್ನಿಸಿದ್ದನ್ನು ಮನೆಯವರ ಗುಂಪಿಗೂ ಸ್ನೇಹಿತರ ಗುಂಪಿಗೂ ಹಾಕುತ್ತೇನೆ. ಯಾರೋ ಒಬ್ಬರು ಹೆಬ್ಬೆರಳು ತೋರಿಸುತ್ತಾರೆ, ಅಷ್ಟೇ. ಮೊನ್ನೆ ತಂಗಿ, "ಅಕ್ಕಾ, ನೀನು ಕಳಿಸೋದು ಜಾಸ್ತಿ ಆಯ್ತು, ಮ್ಯೂಟ್ ಮಾಡಿದ್ದೀನಿ" ಅಂದುಬಿಟ್ಟಳು. ಬೇಜಾರಾಯಿತು. ನಾನು ಹಾಕಿದ ಹಳೇ ರೈಲಿನ ವಿಡಿಯೊ ಸುಳ್ಳು ಅಂತ ಇನ್ನೊಬ್ಬರು ಬೇರೆ ಹೇಳಿದರು. ಕಳಿಸುವುದನ್ನೇ ಬಿಡಬೇಕಾ? ಇಲ್ಲದಿದ್ದರೆ ಯಾವುದನ್ನು, ಯಾರಿಗೆ, ಹೇಗೆ ಕಳಿಸಬೇಕು? ಲಿಂಕ್ ಒಳ್ಳೆಯದಾ, ಡೌನ್‌ಲೋಡ್ ಮಾಡಿದ ಫೈಲ್ ಒಳ್ಳೆಯದಾ?

ಉತ್ತರ: ಕಳಿಸುವುದನ್ನು ಬಿಡಬೇಡಿ. ಗುಂಪಿಗೆ ಹಾಕುವುದನ್ನು ಮಾತ್ರ ಬಿಡಿ.

ಗುಂಪಿಗೆ ಹಾಕಿದ ವಿಡಿಯೊ ಯಾರಿಗೂ ಕಳಿಸಿದ್ದಲ್ಲ. ಗುಂಪಿನಲ್ಲಿರುವ ಪ್ರತಿಯೊಬ್ಬರೂ ಉಳಿದವರು ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ. ಫೋಟೊ ಆದರೆ ಪರವಾಗಿಲ್ಲ, ಒಮ್ಮೆ ಕಣ್ಣಾಡಿಸಿದರೆ ಮುಗಿಯಿತು. ವಿಡಿಯೊಗೆ ಅಷ್ಟು ಸಾಲದು. ಹನ್ನೆರಡು ನಿಮಿಷದ್ದು ಹನ್ನೆರಡು ನಿಮಿಷವನ್ನೇ ಕೇಳುತ್ತದೆ. ಇಯರ್‌ಫೋನ್ ಹುಡುಕಬೇಕು, ಕೈಯಲ್ಲಿದ್ದ ಕೆಲಸ ಬಿಡಬೇಕು. ಒಳಗೆ ಏನಿದೆ, ತನಗೆ ಅದು ಬೇಕಾ ಬೇಡವಾ ಅಂತ ನೋಡದೆ ತಿಳಿಯುವ ದಾರಿಯೂ ಇಲ್ಲ. ನಿಮ್ಮ ತಂಗಿ ಮ್ಯೂಟ್ ಮಾಡಿದ್ದು ಈ ಲೆಕ್ಕಾಚಾರವನ್ನು. ನಿಮ್ಮನ್ನಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟೇ. ಒಬ್ಬರನ್ನು ಆರಿಸಿಕೊಳ್ಳಿ. ವಿಡಿಯೊದಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ ಜಾಗ ಯಾವುದು ಅಂತ ಹೇಳಿ. ಅದು ಅವರಿಗೇ ಯಾಕೆ ಅನ್ನುವುದನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ. "ಅದ್ಭುತ, ತಪ್ಪದೆ ನೋಡಿ" ಅನ್ನುವುದು ನಿಮ್ಮ ಮಾತಲ್ಲ, ಎಲ್ಲರೂ ಎಲ್ಲದಕ್ಕೂ ಅಂಟಿಸುವ ಚೀಟಿ. "ನೀನು ಹೊಲಿಗೆ ಕಲೀತಿದ್ದೀಯಲ್ಲ, ಈ ಅಜ್ಜಿ ಗಂಟು ಹಾಕೋ ರೀತಿ ನೋಡು, 3:40ರಿಂದ 5:10ರವರೆಗೆ ಸಾಕು" ಅಂತ ಬರೆದರೆ ನೋಡುವವರಿಗೆ ಮೂರು ವಿಷಯ ಒಟ್ಟಿಗೆ ಗೊತ್ತಾಗುತ್ತದೆ: ಒಳಗೇನಿದೆ, ಎಷ್ಟು ಹೊತ್ತು ಹಿಡಿಯುತ್ತದೆ, ತನ್ನ ನೆನಪು ನಿಮಗೆ ಯಾಕೆ ಬಂತು. ಆ ಮೂರನೆಯದಕ್ಕಾಗಿಯೇ ಜನ ವಿಡಿಯೊ ತೆರೆಯುವುದು, ನನಗೆ ತಿಳಿದ ಮಟ್ಟಿಗೆ.

ನಿಮಿಷ, ಸೆಕೆಂಡು ಹೇಳುವುದು ಸಣ್ಣ ವಿಷಯ ಅನ್ನಿಸಬಹುದು. ಕಂಪ್ಯೂಟರಿನಲ್ಲಿ ಯೂಟ್ಯೂಬ್ ನೋಡುವಾಗ ಶೇರ್ ಒತ್ತಿದರೆ ಕೆಳಗೆ 'ಸ್ಟಾರ್ಟ್ ಅಟ್' ಅಂತ ಒಂದು ಚೌಕ ಬರುತ್ತದೆ. ಅದಕ್ಕೆ ಟಿಕ್ ಹಾಕಿ ಲಿಂಕ್ ಕಾಪಿ ಮಾಡಿದರೆ ವಿಡಿಯೊ ಸರಿಯಾಗಿ ಅಲ್ಲಿಂದಲೇ ಶುರುವಾಗುತ್ತದೆ. ಫೋನಿನಲ್ಲಿ ಅದನ್ನು ಹುಡುಕುತ್ತಾ ಕೂರಬೇಡಿ. "3:40ರಿಂದ" ಅಂತ ಬರೆದರೂ ಕೆಲಸ ಆಗುತ್ತದೆ.

ಎಲ್ಲವನ್ನೂ ಹೀಗೆ ತುಂಡು ಮಾಡಿ ಕೊಡಲು ಆಗುವುದಿಲ್ಲ, ಅದನ್ನೂ ಹೇಳಬೇಕು. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1977ರಲ್ಲಿ ಮಾಡಿದ 'ಪವರ್ಸ್ ಆಫ್ ಟೆನ್' ಅನ್ನುವ ಕಿರುಚಿತ್ರ ಇದೆ, ಸುಮಾರು ಒಂಬತ್ತು ನಿಮಿಷದ್ದು. ಶಿಕಾಗೊದ ಹುಲ್ಲಿನ ಮೇಲೆ ಮಲಗಿದ ಒಬ್ಬ ಮನುಷ್ಯನಿಂದ ಅದು ಹೊರಡುತ್ತದೆ. ಹತ್ತು ಸೆಕೆಂಡಿಗೊಮ್ಮೆ ನೋಟ ಹತ್ತು ಪಟ್ಟು ದೂರ ಸರಿಯುತ್ತದೆ. ಊರು ಹೋಗುತ್ತದೆ, ಭೂಮಿ ಹೋಗುತ್ತದೆ, ಸೌರವ್ಯೂಹ ಹೋಗುತ್ತದೆ, ಕೊನೆಗೆ ನಕ್ಷತ್ರಗಳ ಗುಂಪುಗಳೇ ಚುಕ್ಕೆಗಳಾಗುತ್ತವೆ. ಆಮೇಲೆ ವಾಪಸ್ ಬಂದು ಅವನ ಕೈಯ ಚರ್ಮದೊಳಗೆ ಇಳಿದು ಪರಮಾಣುವಿನ ನಡುವಿನವರೆಗೂ ಹೋಗುತ್ತದೆ. ಇದರಲ್ಲಿ "ಒಳ್ಳೆಯ ಭಾಗ" ಅಂತ ಬೇರೆ ಇಲ್ಲ. ಹತ್ತು ಸೆಕೆಂಡಿನ ಆ ಲಯವೇ ಪಾಠ. ಇಂಥದ್ದು ಕಳಿಸುವಾಗ "ಒಂಬತ್ತು ನಿಮಿಷ ಬೇಕು, ಪುರುಸೊತ್ತು ಇದ್ದಾಗ ನೋಡು" ಅಂತ ಮೊದಲೇ ಹೇಳಿ.

ವಿಜ್ಞಾನದ ವಿಡಿಯೊ ಕಳಿಸುವಾಗ ಇನ್ನೊಂದು ಉಪಾಯ ಇದೆ, ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಉತ್ತರ ಕಳಿಸುವ ಮೊದಲು ಪ್ರಶ್ನೆ ಕಳಿಸಿ.

1971ರ ಆಗಸ್ಟ್ 2ರಂದು ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಕ್ಯಾಮೆರಾ ಮುಂದೆ ನಿಂತರು. ಒಂದು ಕೈಯಲ್ಲಿ ಸುಮಾರು 1.3 ಕಿಲೊ ತೂಕದ ಸುತ್ತಿಗೆ, ಇನ್ನೊಂದರಲ್ಲಿ 30 ಗ್ರಾಮಿನ ಗಿಡುಗದ ಗರಿ. (ಅವರು ಇಳಿದ ನೌಕೆಯ ಹೆಸರು ಫಾಲ್ಕನ್, ಅಂದರೆ ಗಿಡುಗ. ಅದಕ್ಕೇ ಆ ಗರಿ.) ಎರಡನ್ನೂ ಒಟ್ಟಿಗೆ ಬಿಟ್ಟರು. ಎರಡೂ ಒಟ್ಟಿಗೆ ನೆಲ ಮುಟ್ಟಿದವು. ವಿಡಿಯೊ ಒಂದು ನಿಮಿಷವೂ ಇಲ್ಲ, ಚಿತ್ರವೂ ಮಸುಕು. ಸುಮ್ನೆ ಕಳಿಸಿದರೆ ನೋಡುವವರು "ಓಹೋ" ಅಂದು ಮುಂದೆ ಹೋಗುತ್ತಾರೆ.

ಅದರ ಬದಲು ಬೆಳಿಗ್ಗೆ ಬರೀ ಪ್ರಶ್ನೆ ಕಳಿಸಿ ನೋಡಿ: "ಚಂದ್ರನ ಮೇಲೆ ಸುತ್ತಿಗೆ, ಗರಿ ಒಟ್ಟಿಗೆ ಕೈಬಿಟ್ಟರೆ ಯಾವುದು ಮೊದಲು ಬೀಳುತ್ತೆ?" ಸುತ್ತಿಗೆ ಅನ್ನುವವರು ಇರುತ್ತಾರೆ. "ಎರಡೂ ತೇಲುತ್ತವೆ, ಅಲ್ಲಿ ಗುರುತ್ವ ಇಲ್ಲವಲ್ಲ" ಅನ್ನುವವರೂ ಇರುತ್ತಾರೆ. ಚಂದ್ರನಲ್ಲಿ ಗುರುತ್ವ ಇದೆ, ನಮ್ಮದರ ಆರರಲ್ಲಿ ಒಂದು ಪಾಲು. ಇಲ್ಲದಿರುವುದು ಗಾಳಿ. ಒಮ್ಮೆ ಉತ್ತರ ಕೊಟ್ಟವರು ವಿಡಿಯೊ ನೋಡದೆ ಇರಲಾರರು, ತಾವು ಗೆದ್ದೆವಾ ಸೋತೆವಾ ಅಂತ ತಿಳಿಯಬೇಕಲ್ಲ. ಆಗ ಮಸುಕು ಚಿತ್ರವನ್ನೂ ಕಣ್ಣರಳಿಸಿ ನೋಡುತ್ತಾರೆ.

ಇದು ಬರೀ ಕುತೂಹಲ ಕೆರಳಿಸುವ ಚಮತ್ಕಾರ ಅಲ್ಲ. ವೆರಿಟೇಸಿಯಂ ಅನ್ನುವ ವಿಜ್ಞಾನದ ಯೂಟ್ಯೂಬ್ ಚಾನೆಲ್ ಶುರು ಮಾಡಿದ ಡೆರೆಕ್ ಮುಲ್ಲರ್ 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿದ್ದು ಇದೇ ವಿಷಯದಲ್ಲಿ: ಭೌತಶಾಸ್ತ್ರದ ವಿಡಿಯೊ ನೋಡಿದ ವಿದ್ಯಾರ್ಥಿಗಳು ನಿಜಕ್ಕೂ ಏನಾದರೂ ಕಲಿಯುತ್ತಾರಾ? ಅಚ್ಚುಕಟ್ಟಾಗಿ, ಎಳೆಎಳೆಯಾಗಿ ವಿವರಿಸಿದ ವಿಡಿಯೊ ನೋಡಿದವರು "ತುಂಬ ಸ್ಪಷ್ಟವಾಗಿತ್ತು" ಅಂದರು, ಆದರೆ ಪರೀಕ್ಷೆಯಲ್ಲಿ ಹೆಚ್ಚೇನೂ ಮುಂದೆ ಹೋಗಲಿಲ್ಲ. ತಲೆಯಲ್ಲಿ ಮೊದಲೇ ಇದ್ದ ತಪ್ಪು ತಿಳಿವಳಿಕೆಯನ್ನೇ ವಿಡಿಯೊದಲ್ಲೂ ಕೇಳಿದ ಹಾಗೆ ಅಂದುಕೊಂಡು ಎದ್ದರು. ಜನ ಸಾಮಾನ್ಯವಾಗಿ ಮಾಡುವ ತಪ್ಪನ್ನು ಮೊದಲು ಮುಂದಿಟ್ಟು, ಆಮೇಲೆ ಅದನ್ನು ಬಿಡಿಸುವ ವಿಡಿಯೊ ನೋಡಿದವರು "ಗೊಂದಲವಾಯಿತು" ಅಂದರು, ಆದರೆ ಅವರೇ ಜಾಸ್ತಿ ಕಲಿತಿದ್ದರು. ಆದ್ದರಿಂದ ನೀವು ವಿಡಿಯೊ ಆರಿಸುವಾಗ "ಎಷ್ಟು ಸಲೀಸಾಗಿ ಅರ್ಥವಾಯಿತು" ಅನ್ನುವುದೊಂದನ್ನೇ ನೆಚ್ಚಿಕೊಳ್ಳಬೇಡಿ. ನೋಡಿ ಮುಗಿಸಿದ ಮೇಲೆ ಫೋನ್ ಕೆಳಗಿಟ್ಟು, ಅದನ್ನು ನಾಲ್ಕು ಮಾತಲ್ಲಿ ಬೇರೆಯವರಿಗೆ ಹೇಳಲು ಆಗುತ್ತದಾ ನೋಡಿ. ಆಗದಿದ್ದರೆ ಇನ್ನೊಮ್ಮೆ ನೋಡಿ, ಆಮೇಲೆ ಕಳಿಸಿ.

ಇದೇ ಪ್ರಯೋಗದ ಇನ್ನೊಂದು ವಿಡಿಯೊ ಕೂಡ ಇದೆ. 2014ರ ಬಿಬಿಸಿ ಸರಣಿಯೊಂದಕ್ಕಾಗಿ ಬ್ರಿಟನ್ನಿನ ಭೌತವಿಜ್ಞಾನಿ ಬ್ರಯಾನ್ ಕಾಕ್ಸ್ ಅಮೆರಿಕದ ಒಹಾಯೊದಲ್ಲಿರುವ ನಾಸಾದ ದೈತ್ಯ ನಿರ್ವಾತ ಕೋಣೆಯಲ್ಲಿ ಬೌಲಿಂಗ್ ಚೆಂಡು ಮತ್ತು ಗರಿಗಳನ್ನು ಬೀಳಿಸಿದ್ದು. ಕಣ್ಣಿಗೆ ಹಬ್ಬ. ನಿಧಾನಗತಿಯಲ್ಲಿ ಗರಿಯ ಒಂದೊಂದು ಎಳೆಯೂ ಕಾಣುತ್ತದೆ, ಅಲುಗುವುದೇ ಇಲ್ಲ. ಎರಡರಲ್ಲಿ ಯಾವುದನ್ನು ಕಳಿಸಬೇಕು? ಅದು ಯಾರಿಗೆ ಅನ್ನುವುದರ ಮೇಲೆ ಹೋಗುತ್ತದೆ. ಅನುಮಾನದ ಮನುಷ್ಯನಿಗೆ ಕೋಣೆಯದ್ದು, ಯಾಕೆಂದರೆ ಮೊದಲು ಗಾಳಿ ಇದ್ದಾಗ, ಆಮೇಲೆ ಗಾಳಿ ತೆಗೆದಾಗ, ಎರಡನ್ನೂ ತೋರಿಸುತ್ತಾರೆ. ಕಥೆ ಇಷ್ಟಪಡುವವರಿಗೆ ಚಂದ್ರನದ್ದು. ನನ್ನ ಆಯ್ಕೆ ಚಂದ್ರನದ್ದೇ. ಅಷ್ಟು ದೂರ ಹೋದ ಮನುಷ್ಯ ಗಾಳಿ ಇಲ್ಲದಿದ್ದರೆ ಭಾರದ್ದೂ ಹಗುರದ್ದೂ ಒಟ್ಟಿಗೇ ಬೀಳುತ್ತವೆ ಅಂತ ಗೆಲಿಲಿಯೊ ಹೇಳಿದ್ದು ಸರಿ ಅಂತ ತೋರಿಸಲು ಒಂದು ಗರಿ ಹೊತ್ತುಕೊಂಡು ಹೋಗಿದ್ದ ಅನ್ನುವುದೇ ನನಗೆ ಸಾಕು.

ತಾಳ್ಮೆಯವರೊಬ್ಬರು ನಿಮ್ಮ ಬಳಗದಲ್ಲಿದ್ದರೆ ಅವರಿಗೆ ಪಿಚ್ ಹನಿಯ ವಿಡಿಯೊ ಕಳಿಸಿ. ಪಿಚ್ ಅಂದರೆ ಡಾಂಬರಿನಂಥ ಕಪ್ಪು ವಸ್ತು. ಸುತ್ತಿಗೆಯಿಂದ ಹೊಡೆದರೆ ಗಾಜಿನ ಹಾಗೆ ಚೂರಾಗುತ್ತದೆ, ಆದರೂ ಅದು ಹರಿಯುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ 1927ರಲ್ಲಿ ಅದನ್ನು ಆಲಿಕೆಯಲ್ಲಿ ಹಾಕಿಟ್ಟರು. 2014ರ ಹೊತ್ತಿಗೆ ಬಿದ್ದದ್ದು ಒಂಬತ್ತು ಹನಿ. ಅದನ್ನು ದಶಕಗಟ್ಟಲೆ ನೋಡಿಕೊಂಡ ಜಾನ್ ಮೇನ್‌ಸ್ಟೋನ್ ಒಂದು ಹನಿಯೂ ಬೀಳುವುದನ್ನು ಕಣ್ಣಾರೆ ನೋಡಲಿಲ್ಲ. 1988ರಲ್ಲಿ ಸ್ವಲ್ಪ ಹೊತ್ತು ಆಚೆ ಹೋದಾಗಲೇ ಬಿತ್ತು. 2000ದಲ್ಲಿ ಕ್ಯಾಮೆರಾ ಇಟ್ಟಿದ್ದರು, ಅದೇ ಸಮಯಕ್ಕೆ ಕ್ಯಾಮೆರಾ ಕೈಕೊಟ್ಟಿತು. 2013ರಲ್ಲಿ ಅವರು ತೀರಿಕೊಂಡರು, ಮುಂದಿನ ಹನಿ ಬಿದ್ದದ್ದು ಮರುವರ್ಷ. ಬೀಳುವ ಹನಿ ಕೊನೆಗೂ ಕ್ಯಾಮೆರಾಗೆ ಸಿಕ್ಕಿದ್ದು 2013ರ ಜುಲೈನಲ್ಲಿ, ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿದ್ದ ಇಂಥದ್ದೇ ಇನ್ನೊಂದು ಆಲಿಕೆಯಲ್ಲಿ. ವಿಡಿಯೊದಲ್ಲಿ ಕಾಣುವುದು ಕಪ್ಪು ಹನಿಯೊಂದು ಕಳಚಿಕೊಳ್ಳುವುದು, ಅಷ್ಟೇ. ಈ ಹಿನ್ನೆಲೆ ಬರೆಯದೆ ಕಳಿಸಿದರೆ ಅದರಲ್ಲಿ ಏನೂ ಇಲ್ಲ. ಹಿನ್ನೆಲೆ ಬರೆದು ಕಳಿಸಿದರೆ ಜನ ಎರಡೆರಡು ಸಲ ನೋಡುತ್ತಾರೆ.

ಕಲೆಯ ವಿಡಿಯೊಗಳ ಕಷ್ಟ ಬೇರೆ ಥರ. ಅವುಗಳಲ್ಲಿ ಮಾತು ಜಾಸ್ತಿ, ಚಿತ್ರ ಕಡಿಮೆ. ಹಿನ್ನೆಲೆಯಲ್ಲಿ ಪಿಯಾನೊ, ಮೇಲೊಂದು ಗಂಭೀರ ದನಿ, ಚಿತ್ರವನ್ನು ಎರಡು ಸೆಕೆಂಡು ತೋರಿಸಿ ಮತ್ತೆ ಮಾತಾಡುವವರ ಮುಖ. ನಾನು ಇಂಥವನ್ನು ಯಾರಿಗೂ ಕಳಿಸುವುದಿಲ್ಲ. ಕಳಿಸಬೇಕಾದ್ದು ಕೈ ಕೆಲಸ ಮಾಡುವುದನ್ನು ತೋರಿಸುವ ವಿಡಿಯೊ. 1956ರಲ್ಲಿ ಫ್ರೆಂಚ್ ನಿರ್ದೇಶಕ ಆನ್ರಿ-ಜಾರ್ಜ್ ಕ್ಲೂಜೊ ಪಿಕಾಸೊ ಚಿತ್ರ ಬಿಡಿಸುವುದನ್ನು ಸಿನಿಮಾ ಮಾಡಿದರು. ಇಂಕು ಇಳಿದು ಹಿಂದಕ್ಕೂ ಕಾಣುವಂಥ ಕಾಗದ, ಅದರ ಹಿಂಬದಿಗೆ ಕ್ಯಾಮೆರಾ. ಹಾಗಾಗಿ ಪಿಕಾಸೊನ ಕೈ ಅಡ್ಡ ಬರುವುದಿಲ್ಲ, ಗೆರೆ ತಾನಾಗಿ ಮೂಡುತ್ತಾ ಹೋಗುತ್ತದೆ. ಹೂವು ಅಂದುಕೊಂಡದ್ದು ಮೀನಾಗುತ್ತದೆ, ಮೀನು ಕೋಳಿಯಾಗುತ್ತದೆ. ಒಳ್ಳೆಯದಾಗಿಯೇ ಇದ್ದ ಚಿತ್ರವನ್ನು ಅವರು ಅಳುಕಿಲ್ಲದೆ ಮುಚ್ಚಿಹಾಕುವುದನ್ನು ನೋಡಿದಾಗ ಚಿತ್ರ ಬಿಡಿಸುವ ಮಕ್ಕಳಿಗೆ ಧೈರ್ಯ ಬರುತ್ತದೆ. ಅದರ ಎರಡು ನಿಮಿಷದ ತುಣುಕು ಸಾಕು, ಮಾತೇ ಬೇಡ.

ಹಾಡಿಗೆ ಬಂದರೆ ಒಂದೇ ಎಚ್ಚರಿಕೆ: ಕೇಳುವುದು ಹೇಗೆ ಅಂತ ಹೇಳಿ. ರಷ್ಯಾದ ಸೈಬೀರಿಯಾದಲ್ಲಿರುವ ತುವಾ ಪ್ರಾಂತ್ಯದ ಗಂಟಲ ಗಾಯನದಲ್ಲಿ ಒಬ್ಬನೇ ಹಾಡುಗಾರ ಕೆಳಗೊಂದು ಗುಂಗಿನ ಸ್ವರ, ಮೇಲೊಂದು ಸಿಳ್ಳೆಯಂಥ ಸ್ವರ, ಎರಡನ್ನೂ ಒಟ್ಟಿಗೆ ಹೊರಡಿಸುತ್ತಾನೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಆ ಕೆಳಗಿನ ಗುಂಗು ಸರಿಯಾಗಿ ಕೇಳುವುದೇ ಇಲ್ಲ. ಅರ್ಧ ಹಾಡು ಕೇಳಿದವರು "ಇದರಲ್ಲೇನಿದೆ?" ಅಂದರೆ ತಪ್ಪು ಅವರದ್ದಲ್ಲ. "ಇಯರ್‌ಫೋನ್ ಹಾಕ್ಕೊಂಡು ಕೇಳು" ಅಂತ ಒಂದು ಮಾತು ಸೇರಿಸಿ.

ಈಗ ನಿಮ್ಮ ರೈಲಿಗೆ ಬರೋಣ. ನೀವು ಹಾಕಿದ್ದು ಸಿನಿಮಾ ಶುರುವಾದ ಕಾಲದ ಲ್ಯೂಮಿಯೇರ್ ಸಹೋದರರ ರೈಲು ಅಂದುಕೊಳ್ಳುತ್ತೇನೆ, ಫ್ರಾನ್ಸಿನ ಲಾ ಸಿಯೋಟಾ ನಿಲ್ದಾಣಕ್ಕೆ ಬಂದು ನಿಲ್ಲುವ ಐವತ್ತು ಸೆಕೆಂಡಿನ ತುಣುಕು. ಹಳೇ ರೈಲುಗಳಲ್ಲಿ ಜಾಸ್ತಿ ಓಡಾಡುವುದು ಅದೇ. ಅದು ಸುಳ್ಳಲ್ಲ. ಆದರೆ ಅದರ ಜೊತೆ ಓಡಾಡುವ ಮಾತುಗಳಲ್ಲಿ ಗಟ್ಟಿ ಕಡಿಮೆ. "ಪ್ರಪಂಚದ ಮೊದಲ ಸಿನಿಮಾ" ಅನ್ನುತ್ತಾರೆ. ಲ್ಯೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ದುಡ್ಡು ತೆಗೆದುಕೊಂಡು ಮೊದಲ ಪ್ರದರ್ಶನ ನಡೆಸಿದ್ದು 1895ರ ಡಿಸೆಂಬರ್ 28ರಂದು. ಅವತ್ತು ತೋರಿಸಿದ ಹತ್ತು ತುಣುಕುಗಳಲ್ಲಿ ಈ ರೈಲು ಇರಲೇ ಇಲ್ಲ. ಅದು ಬಂದದ್ದು 1896ರಲ್ಲಿ. "ರೈಲು ಮೈಮೇಲೆ ಬಂತು ಅಂತ ಜನ ಎದ್ದು ಓಡಿದರು" ಅನ್ನುವ ಕಥೆಗೂ ಆ ಕಾಲದ ಗಟ್ಟಿ ಸಾಕ್ಷಿ ಇಲ್ಲ ಅಂತ ಸಿನಿಮಾ ಇತಿಹಾಸ ಬರೆದವರು ಹೇಳುತ್ತಾರೆ.

ಇನ್ನೊಂದು ತೊಡಕೂ ಇದೆ. 2020ರಿಂದ ಈ ತುಣುಕಿನ ಫಳಫಳ ಹೊಳೆಯುವ 4ಕೆ ರೂಪ ಓಡಾಡುತ್ತಿದೆ. ಮೂಲದಲ್ಲಿ ಸೆಕೆಂಡಿಗೆ ಇದ್ದದ್ದು ಸುಮಾರು 16 ಚಿತ್ರ. ಕಂಪ್ಯೂಟರ್ ನಡುನಡುವೆ ಚಿತ್ರಗಳನ್ನು ತಾನೇ ಊಹಿಸಿ ತುಂಬಿ 60 ಮಾಡಿದೆ, ಮುಖ ಬಟ್ಟೆಗಳ ಗೆರೆಗಳನ್ನೂ ಊಹಿಸಿ ಚೂಪು ಮಾಡಿದೆ. ಅಲ್ಲಿ ಕಾಣುವ ಎಷ್ಟೋ ವಿವರ ಆ ಕಾಲದ ಕ್ಯಾಮೆರಾ ಹಿಡಿದದ್ದಲ್ಲ. ನಿಮ್ಮವರು "ಸುಳ್ಳು" ಅಂದದ್ದು ಬಹುಶಃ ಇದಕ್ಕೇ. ನೋಡಲು ಮಜಾ ಇದೆ, ಕಳಿಸಬಾರದು ಅಂತಲ್ಲ. "ಇದು ಕಂಪ್ಯೂಟರಿನಲ್ಲಿ ತಿದ್ದಿದ್ದು, ಅಸಲಿ ಹೀಗಿತ್ತು" ಅಂತ ಎರಡನ್ನೂ ಪಕ್ಕಪಕ್ಕದಲ್ಲಿ ಕಳಿಸಿ. ಆಗ ಅದು ಇನ್ನೂ ಒಳ್ಳೆಯ ವಿಡಿಯೊ ಆಗುತ್ತದೆ.

ಊಹಿಸಿ ತುಂಬುವುದನ್ನು ಮುಚ್ಚುಮರೆಯಿಲ್ಲದೆ ಮಾಡುವುದು ಹೇಗೆ ಅನ್ನುವುದಕ್ಕೆ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಒಳ್ಳೆಯ ಉದಾಹರಣೆ. ರೆಂಬ್ರಾಂಟ್ 1642ರಲ್ಲಿ ಮುಗಿಸಿದ 'ನೈಟ್ ವಾಚ್' ಚಿತ್ರವನ್ನು 1715ರಲ್ಲಿ ಬೇರೆ ಗೋಡೆಗೆ ಹೊಂದಿಸಲು ನಾಲ್ಕೂ ಕಡೆ ಕತ್ತರಿಸಿದ್ದರು. ಕತ್ತರಿಸುವ ಮೊದಲೇ ಒಬ್ಬ ಕಲಾವಿದ ಮಾಡಿದ್ದ ಚಿಕ್ಕ ನಕಲು ಉಳಿದಿತ್ತು. ಅದನ್ನು ಇಟ್ಟುಕೊಂಡು, ಕೃತಕ ಬುದ್ಧಿಮತ್ತೆಗೆ ರೆಂಬ್ರಾಂಟನ ಶೈಲಿ ಕಲಿಸಿ, 2021ರಲ್ಲಿ ಹೋದ ಅಂಚುಗಳನ್ನು ಮತ್ತೆ ಮಾಡಿ ಅಸಲಿ ಚಿತ್ರದ ಸುತ್ತ ಕೆಲವು ಕಾಲ ಇಟ್ಟಿದ್ದರು. ಯಾವುದು ಅಸಲಿ, ಯಾವುದು ಈಗ ಸೇರಿಸಿದ್ದು ಅಂತ ಮೊದಲೇ ಹೇಳಿದ್ದರು. ಅದರ ವಿಡಿಯೊಗಳು ಸಿಗುತ್ತವೆ, ಧಾರಾಳವಾಗಿ ಹಂಚಿ.

ಹೊಸ ವಿಡಿಯೊ ಒಂದರ ಮೇಲೆ ಅನುಮಾನ ಬಂದರೆ ಏನು ನೋಡಬೇಕು? ಮೊದಲು ಅದನ್ನು ಹಾಕಿದವರು ಯಾರು ಅಂತ. ಮಾಡಿದವರೇ ಹಾಕಿದ್ದಾ, ಎಲ್ಲಿಂದಲೋ ಎತ್ತಿ ತಂದದ್ದಾ? ಕೆಳಗಿನ ವಿವರಣೆಯಲ್ಲಿ ಆಧಾರ ಕೊಟ್ಟಿದ್ದಾರಾ? ಕುಣಿತದ ವಿಡಿಯೊ ಆದರೆ ಹೆಜ್ಜೆಗೂ ತಾಳಕ್ಕೂ ಹೊಂದುತ್ತದಾ ನೋಡಿ. ಚಿಕ್ಕ ತುಣುಕುಗಳಿಗೆ ಬೇರೆ ಯಾವುದೋ ಸಂಗೀತ ಹಾಕಿಬಿಡುವುದು ಈಗ ತೀರಾ ಮಾಮೂಲು. ನಿಜದಂತೆ ಕಾಣುವ ದೃಶ್ಯವನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿದ್ದರೆ ಹೇಳಬೇಕು ಅಂತ ಯೂಟ್ಯೂಬ್ 2024ರಿಂದ ನಿಯಮ ಮಾಡಿದೆ. ಆದರೆ ಅದನ್ನು ಹೇಳಬೇಕಾದವರು ಮಾಡಿದವರೇ. ಹಾಗಾಗಿ ಗುರುತು ಇಲ್ಲ ಅಂದ ಮಾತ್ರಕ್ಕೆ ಅಸಲಿ ಅಂತಲ್ಲ.

ಲಿಂಕಾ, ಫೈಲಾ? ಲಿಂಕ್, ಸಂದೇಹವೇ ಬೇಡ. ಫೈಲ್ ಆಗಿ ಕಳಿಸಿದಾಗ ವಾಟ್ಸ್ಆ್ಯಪ್ ಸಾಮಾನ್ಯವಾಗಿ ಅದನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಕುಂಚದ ಗೆರೆ, ನೂಲಿನ ಎಳೆ ಎಲ್ಲ ಕಲಸಿಹೋಗುತ್ತವೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ. ಮಾಡಿದವರ ಹೆಸರು ಹೋಗುತ್ತದೆ, ಸಬ್‌ಟೈಟಲ್ ಹೋಗುತ್ತದೆ, "ಇಲ್ಲಿ ತಪ್ಪು ಹೇಳಿದ್ದೇನೆ" ಅಂತ ಅವರು ಆಮೇಲೆ ಕೆಳಗೆ ಬರೆದದ್ದೂ ಹೋಗುತ್ತದೆ. ನೋಡಿದವರ ಲೆಕ್ಕವೂ ಅವರಿಗೆ ಸಿಗುವುದಿಲ್ಲ, ಎಷ್ಟೋ ಜನಕ್ಕೆ ಅದೇ ಅನ್ನ. ನಾಸಾದ ವಿಡಿಯೊಗಳ ಮೇಲೆ ಸಾಮಾನ್ಯವಾಗಿ ಹಕ್ಕುಸ್ವಾಮ್ಯ ಇರುವುದಿಲ್ಲ, ಅವನ್ನು ಇಳಿಸಿಕೊಂಡರೂ ತೊಂದರೆಯಿಲ್ಲ. ಉಳಿದದ್ದಕ್ಕೆ ಲಿಂಕೇ ಸರಿ. ಇನ್ನು ನಿಮಗೇ ಯಾರೋ ಕಳಿಸಿದ ಫೈಲಿನ ಮೇಲೆ ಎರಡು ಬಾಣದ ಗುರುತು ಕಂಡರೆ ಅದು ತುಂಬ ಕೈ ದಾಟಿ ಬಂದಿದೆ ಅಂತ ಅರ್ಥ. ಅಂಥದ್ದನ್ನು 2020ರಿಂದ ಒಂದು ಸಲಕ್ಕೆ ಒಂದೇ ಚಾಟ್‌ಗೆ ಮುಂದೂಡಲು ಬಿಡುತ್ತಾರೆ. ಮುಂದೂಡುವ ಬದಲು ಅದರ ಮೂಲ ಹುಡುಕಿ, ಆ ಲಿಂಕ್ ಕಳಿಸಿ.

ಬೇರೆ ಜನರ ಆಚರಣೆಗಳ ವಿಡಿಯೊ ಆದರೆ ಕಳಿಸುವ ಮೊದಲು ಒಂದು ಕ್ಷಣ ತಡೆಯಿರಿ. ಅದನ್ನು ಆ ಜನರೇ ಹಾಕಿದ್ದಾ, ಯಾರೋ ಪ್ರವಾಸಿ ಕದ್ದು ಹಿಡಿದದ್ದಾ? ಆಸ್ಟ್ರೇಲಿಯಾದ ಮೂಲನಿವಾಸಿಗಳ ಎಷ್ಟೋ ಸಮುದಾಯಗಳಲ್ಲಿ ತೀರಿಕೊಂಡವರ ಚಿತ್ರ ನೋಡುವುದು, ದನಿ ಕೇಳುವುದು ನೋವಿನ ವಿಷಯ. ಅದಕ್ಕೇ ಅಲ್ಲಿನ ಟಿವಿ ಚಾನೆಲ್‌ಗಳೂ ಸಂಗ್ರಹಾಲಯಗಳೂ ಇಂಥ ವಿಡಿಯೊ ಶುರುವಾಗುವ ಮೊದಲು ಎಚ್ಚರಿಕೆ ಹಾಕುತ್ತವೆ. ತುಣುಕು ಮಾಡಿ ಹಂಚುವವರು ಮೊದಲು ಕತ್ತರಿಸುವುದು ಆ ಎಚ್ಚರಿಕೆಯನ್ನೇ.

ಇಷ್ಟೆಲ್ಲ ಓದಿದ ಮೇಲೂ ನಿಮ್ಮ ಹತ್ತಿರ ಕಳಿಸಲಾಗದೆ ಉಳಿದ ವಿಡಿಯೊಗಳು ನೂರಾರು ಇರುತ್ತವೆ. ಅವನ್ನು ಪ್ಲೇಲಿಸ್ಟ್ ಮಾಡಿ ಇಡಿ. ವಿಷಯದ ಪ್ರಕಾರ ಮಾಡುವುದಕ್ಕಿಂತ ಜನರ ಪ್ರಕಾರ ಮಾಡಿ ಅನ್ನುತ್ತೇನೆ: ತಂಗಿಗೆ ಒಂದು, ಹಳೇ ಗೆಳತಿಗೆ ಒಂದು. 'ಅನ್‌ಲಿಸ್ಟೆಡ್' ಅಂತ ಇಟ್ಟರೆ ಲಿಂಕ್ ಇದ್ದವರಿಗೆ ಮಾತ್ರ ಸಿಗುತ್ತದೆ. ಒಂದೊಂದರಲ್ಲಿ ಹತ್ತಕ್ಕಿಂತ ಹೆಚ್ಚು ಬೇಡ. ಹನ್ನೊಂದನೆಯದು ಸೇರಿಸಬೇಕಾದರೆ ಒಂದನ್ನು ತೆಗೆಯಬೇಕು ಅಂತ ಇಟ್ಟುಕೊಳ್ಳಿ, ಆಗ ಆಯ್ಕೆ ತಾನಾಗಿ ಬಿಗಿಯಾಗುತ್ತದೆ.

ತಂಗಿಗೆ ಸದ್ಯಕ್ಕೆ ಏನೂ ಕಳಿಸಬೇಡಿ. ಮುಂದೆ ಭೇಟಿಯಾದಾಗ ಸುತ್ತಿಗೆ, ಗರಿಯ ಪ್ರಶ್ನೆ ಬಾಯಲ್ಲೇ ಕೇಳಿ. ಅವಳು ಏನಾದರೂ ಒಂದು ಹೇಳಿದ ಮೇಲೆ ಫೋನ್ ಅವಳ ಕೈಗೆ ಕೊಟ್ಟು, ನೀವು ಸುಮ್ನೆ ಇರಿ. ಪಕ್ಕದಲ್ಲಿ ಕೂತು "ಈಗ ನೋಡು, ಈಗ ನೋಡು" ಅನ್ನುವುದು ಬೇಡ. "ನೋಡಿದ್ಯಾ, ಹೇಗಿತ್ತು?" ಅಂತ ಆಮೇಲೆ ಕೇಳುವುದೂ ಬೇಡ. ಅವಳೇ ತಿರುಗಿ "ಗಾಳಿ ಇಲ್ಲದೆ ಇದ್ರೆ ಪ್ಯಾರಾಚೂಟ್ ಗತಿ ಏನಕ್ಕಾ?" ಅಂತ ಕೇಳಿದರೆ, ಮಂಗಳ ಗ್ರಹಕ್ಕೆ ನೌಕೆಗಳನ್ನು ಇಳಿಸಿದ ವಿಡಿಯೊ ತೆಗೆಯಿರಿ. ಅಲ್ಲಿ ತೆಳು ಗಾಳಿ ಇದೆ, ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ, ಆದರೆ ಅದೊಂದೇ ಸಾಲುವುದಿಲ್ಲ. 2021ರ ಫೆಬ್ರವರಿಯಲ್ಲಿ ಪರ್ಸಿವಿಯರೆನ್ಸ್ ಇಳಿದಾಗ ನೌಕೆಯ ಮೇಲಿದ್ದ ಕ್ಯಾಮೆರಾಗಳೇ ಅದನ್ನೆಲ್ಲ ಹಿಡಿದಿವೆ.